ಒಂದು ಅರ್ಜಿಗೆ ಒಂದೇ ವಿಷಯ: ಮನವಿಗಳ ವಿಂಗಡಣೆ ಮತ್ತು ಉಲ್ಲೇಖ ಸಂಖ್ಯೆಯ ಮಹತ್ವ

ದಾವಣಗೆರೆ ನಗರ ಹಾಗೂ ಹರಿಹರದ ಸಾರ್ವಜನಿಕರು ಕಛೇರಿಗಳಿಗೆ ಸಲ್ಲಿಸುವ ಮನವಿಗಳನ್ನು ಸ್ವೀಕೃತಿಯ ನಂತರ ವಿಷಯಾನುಸಾರ ವಿಂಗಡಿಸಿ ಸಂಬಂಧಪಟ್ಟ ಶಾಖೆಗೆ ಕಳುಹಿಸಲಾಗುತ್ತದೆ. ಅಲ್ಲಿ ತೆರೆಯುವ ಕಡತದಲ್ಲಿ ಪತ್ರವ್ಯವಹಾರ ಭಾಗ ಹಾಗೂ ಟಿಪ್ಪಣಿ ಭಾಗ ಎಂಬ ಎರಡು ಭಾಗಗಳಿರುತ್ತವೆ. ಒಂದು ವಿಷಯದ ಎಲ್ಲ ಪತ್ರಗಳು ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿದ್ದಲ್ಲಿ ಮಾತ್ರ ಅಧಿಕಾರಿಯು ಪ್ರಕರಣವನ್ನು ಪೂರ್ಣವಾಗಿ ಪರಿಶೀಲಿಸಿ ಆದೇಶ ನೀಡಲು ಸಾಧ್ಯ. ಕಡತವು ಕಾಗದದಲ್ಲಿರಲಿ, ಗಣಕಯಂತ್ರದಲ್ಲಿರಲಿ, ಈ ನಿಯಮ ಒಂದೇ.

ವಿಳಂಬಕ್ಕೆ ಕಾರಣವಾಗುವ ಎರಡು ಸಂದರ್ಭಗಳು

1. ಹಲವು ವಿಷಯಗಳಿಗೆ ಒಂದೇ ಅರ್ಜಿ: ಉದಾಹರಣೆಗೆ, ಹರಿಹರದ ನಿವಾಸಿಯೊಬ್ಬರು ನಿವೇಶನದ ಖಾತೆ, ಬಡಾವಣೆಯ ಅನುಮೋದನೆ ಮತ್ತು ವಿದ್ಯುತ್ ಸಂಪರ್ಕದ ಬಗ್ಗೆ ಒಂದೇ ಮನವಿ ಸಲ್ಲಿಸಿದರೆಂದು ಭಾವಿಸಬಹುದು. ಮನವಿಯು ಮೊದಲ ವಿಷಯದ ಶಾಖೆಗೆ ಹೋಗುತ್ತದೆ. ಉಳಿದ ಎರಡು ವಿಷಯಗಳು ಆ ಶಾಖೆಯ ವ್ಯಾಪ್ತಿಗೆ ಬಾರದ ಕಾರಣ ಕ್ರಮವಿಲ್ಲದೆ ಉಳಿಯುವ ಸಂಭವವಿರುತ್ತದೆ.

2. ಒಂದೇ ವಿಷಯಕ್ಕೆ ಹಲವು ಅರ್ಜಿ: ಉತ್ತರ ಬಾರದಿದ್ದಾಗ ಹಿಂದಿನ ಅರ್ಜಿಯನ್ನು ನಮೂದಿಸದೆ ಹೊಸ ಅರ್ಜಿ ನೀಡಿದಲ್ಲಿ ಅದಕ್ಕೆ ಪ್ರತ್ಯೇಕ ಕಡತ ತೆರೆಯಬಹುದು. ಆಗ ದಾಖಲೆಗಳು ಒಂದು ಕಡತದಲ್ಲಿ, ಮನವಿ ಇನ್ನೊಂದು ಕಡತದಲ್ಲಿ ಉಳಿಯುತ್ತವೆ. ಮೊದಲ ಅರ್ಜಿಯ ವಿಳಂಬವೂ ಗಮನಕ್ಕೆ ಬರುವುದಿಲ್ಲ.

ಯಾವ ವಿಷಯ, ಯಾವ ಕಛೇರಿ

• ನಗರ ಸ್ವತ್ತಿನ ಖಾತೆ, ಬೀದಿ ದೀಪ, ಚರಂಡಿ: ದಾವಣಗೆರೆ ಮಹಾನಗರ ಪಾಲಿಕೆ ಅಥವಾ ಹರಿಹರ ನಗರಸಭೆ
• ಬಡಾವಣೆಯ ವಿನ್ಯಾಸ ಅನುಮೋದನೆ: ಎರಡೂ ನಗರಗಳಿಗೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ (ದೂಡಾ)
• ಕೃಷಿ ಜಮೀನಿನ ಖಾತೆ, ಪಹಣಿ: ಆಯಾ ತಾಲ್ಲೂಕು ಕಛೇರಿ
• ವಿದ್ಯುತ್ ಸಂಪರ್ಕ: ಬೆಸ್ಕಾಂ

"ಖಾತೆ" ಎಂಬ ಪದವನ್ನು ನಗರ ಸ್ವತ್ತಿಗೂ ಕೃಷಿ ಜಮೀನಿಗೂ ಬಳಸುವುದರಿಂದ "ಖಾತೆ ಬಗ್ಗೆ" ಎಂದಷ್ಟೇ ಬರೆಯದೆ ಸ್ವತ್ತಿನ ಸ್ವರೂಪವನ್ನು ತಿಳಿಸತಕ್ಕದ್ದು.

ವಿಷಯ ಮತ್ತು ಉಲ್ಲೇಖ

ಅರ್ಜಿಯ ಆರಂಭದ ಈ ಎರಡು ಸಾಲುಗಳು ಕೇವಲ ರೂಢಿಗಾಗಿ ಬರೆಯುವಂತಹವಲ್ಲ. "ವಿಷಯ" ನೋಡಿ ಶಾಖೆಯನ್ನೂ "ಉಲ್ಲೇಖ" ನೋಡಿ ಹಿಂದಿನ ಕಡತವನ್ನೂ ಗುರುತಿಸಲಾಗುತ್ತದೆ. ಮಾದರಿ:

ವಿಷಯ: ಹರಿಹರ ನಗರಸಭೆ ವ್ಯಾಪ್ತಿಯ ..... ನೇ ವಾರ್ಡಿನ ಸ್ವತ್ತು ಸಂಖ್ಯೆ ..... ರ ಖಾತೆ ಬದಲಾವಣೆ ಕುರಿತು.
ಉಲ್ಲೇಖ: ದಿನಾಂಕ ..... ರ ನನ್ನ ಅರ್ಜಿ, ಸ್ವೀಕೃತಿ ಸಂಖ್ಯೆ .....

"ಕುಂದುಕೊರತೆಗಳ ಬಗ್ಗೆ" ಎಂಬಂತಹ ಸಾಮಾನ್ಯ ವಿಷಯವನ್ನು ಬರೆಯಬಾರದು.

ಕಾನೂನಿನಲ್ಲಿರುವ ಅವಕಾಶ

ಮಾಹಿತಿ ಹಕ್ಕು ಅಧಿನಿಯಮ, 2005ರ ಸಂಬಂಧ ಕರ್ನಾಟಕದ ನಿಯಮಗಳಿಗೆ 2008ರಲ್ಲಿ ತಂದ ತಿದ್ದುಪಡಿಯಂತೆ, ಮಾಹಿತಿ ಕೋರಿಕೆಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಹಲವು ವಿಷಯಗಳಿದ್ದಲ್ಲಿ ಅಧಿಕಾರಿಯು ಮೊದಲನೆಯದಕ್ಕೆ ಮಾತ್ರ ಉತ್ತರಿಸಿ, ಉಳಿದವುಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಲು ತಿಳಿಸಬಹುದು. ಕೋರಿದ ಮಾಹಿತಿಯು ಬೇರೆ ಪ್ರಾಧಿಕಾರಕ್ಕೆ ಸೇರಿದ್ದಲ್ಲಿ ಅರ್ಜಿಯನ್ನು 5 ದಿನಗಳೊಳಗೆ ವರ್ಗಾಯಿಸತಕ್ಕದ್ದು.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ಅಧಿಸೂಚಿತ ಸೇವೆಗಳ ಅರ್ಜಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ನೀಡಲಾಗುತ್ತದೆ. ಸೇವೆ ವಿಳಂಬವಾದಲ್ಲಿ ಇದೇ ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರಕ್ಕೆ ಅವಕಾಶವಿದೆ. ಇದಕ್ಕೆ ಬದಲಾಗಿ ಹೊಸ ಅರ್ಜಿ ಸಲ್ಲಿಸಿದಲ್ಲಿ ಅದರ ಕಾಲಮಿತಿಯು ಮೊದಲಿನಿಂದ ಆರಂಭವಾಗುತ್ತದೆ.

ಆದುದರಿಂದ ಸಾರ್ವಜನಿಕರು ಪ್ರತಿ ವಿಷಯಕ್ಕೂ ಪ್ರತ್ಯೇಕ ಅರ್ಜಿ ಸಲ್ಲಿಸಿ, ಸ್ವೀಕೃತಿ ಪತ್ರವನ್ನು ಕಡ್ಡಾಯವಾಗಿ ಪಡೆದು, ಪ್ರಕರಣವು ಇತ್ಯರ್ಥವಾಗುವವರೆಗೆ ಅದೇ ಸಂಖ್ಯೆಯನ್ನು ಉಲ್ಲೇಖಿಸುವಂತೆ ಕೋರಲಾಗಿದೆ.