ಗೋಡೆಯ ಮೇಲೆ ಯಾರ ಹೆಸರು?

ನಾಸಿಕ್ ಊರು ದಾಟಿ ಮುಂಬೈ ಹೆದ್ದಾರಿ ಹಿಡಿದರೆ ಏಳೆಂಟು ಕಿಲೋಮೀಟರ್ ಕಳೆಯುವುದರೊಳಗೆ ತ್ರಿರಶ್ಮಿ ಗುಡ್ಡ ಸಿಗುತ್ತದೆ. ಊರವರ ಬಾಯಲ್ಲಿ ಅದು ಪಾಂಡವ ಲೇಣಿ. ಪಾಂಡವರಿಗೂ ಅದಕ್ಕೂ ನಂಟಿಲ್ಲ. ಬೌದ್ಧ ಭಿಕ್ಷುಗಳಿಗಾಗಿ ಬಂಡೆ ಕೊರೆದು ಮಾಡಿದ 24 ಗುಹೆಗಳು ಅಲ್ಲಿವೆ. ಮೆಟ್ಟಿಲು ಹತ್ತಿ 18ನೆಯ ಗುಹೆಯ ಎದುರು ನಿಂತು ಬಾಗಿಲ ಮೇಲಿನ ಕಮಾನನ್ನು ನೋಡಿ. ಅಲ್ಲಿ ಬ್ರಾಹ್ಮಿ ಲಿಪಿಯ ಒಂದು ಚಿಕ್ಕ ಸಾಲಿದೆ. ಈ ಕೆಲಸ ನಾಸಿಕದವರದು, ಧಂಭಿಕ ಎಂಬ ಹಳ್ಳಿಯ ಕೊಡುಗೆ ಎಂದು ಅದು ಹೇಳುತ್ತದೆ. ಕೊಟ್ಟವನು ರಾಜನಲ್ಲ, ಶ್ರೇಷ್ಠಿಯಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಒಂದು ಹಳ್ಳಿಗೆ ಹಳ್ಳಿಯೇ ಸೇರಿ ಈ ಚೈತ್ಯಗುಹೆಯ ಮುಖವನ್ನು ಚೆಂದಗೊಳಿಸಿ, ತನ್ನ ಹೆಸರನ್ನು ಅಲ್ಲೇ ಕೆತ್ತಿಸಿತು.

ಇದೇ ಗುಡ್ಡದ 10ನೆಯ ಗುಹೆಯ ಶಾಸನ ಇನ್ನೂ ಸ್ವಾರಸ್ಯದ್ದು. ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ 3,000 ಕಾರ್ಷಾಪಣ ನಾಣ್ಯಗಳನ್ನು ಗೋವರ್ಧನವೆಂಬ ಊರಿನ ನೇಕಾರರ ಎರಡು ಶ್ರೇಣಿಗಳಲ್ಲಿ, ಅಂದರೆ ಸಂಘಗಳಲ್ಲಿ, ಇಡುಗಂಟಾಗಿ ಇಡುತ್ತಾನೆ. ಒಂದರಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ. ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲು. ಅಸಲನ್ನು ಮುಟ್ಟುವಂತಿಲ್ಲ. ಮೊದಲಿನದರ ಬಡ್ಡಿಯಿಂದ, ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ಬಟ್ಟೆಗೆಂದು ತಲಾ 12 ಕಾರ್ಷಾಪಣ ಸಲ್ಲಬೇಕು. ಲೆಕ್ಕ ಹಾಕಿ ನೋಡಿ: ವರ್ಷದ ಬಡ್ಡಿ 240, ಇಪ್ಪತ್ತು ಹನ್ನೆರಡಲೂ 240. ಒಂದು ಕಾಸೂ ಆಚೀಚೆ ಇಲ್ಲ. ಕಲಾಕೃತಿಯನ್ನು ಮಾಡಿಸಿ ಕೈತೊಳೆದುಕೊಳ್ಳದೆ, ಅದರಲ್ಲಿ ಬಾಳುವವರ ಖರ್ಚಿಗೂ ದಾರಿ ಮಾಡಿ, ಅದನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಬರೆಸಿದ್ದಾನೆ. ಸಾರ್ವಜನಿಕ ಕಲೆಗೆ ಇಷ್ಟು ಚೊಕ್ಕ ಲೆಕ್ಕಪತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗ್ಗದ ಸದ್ದು ಈ ಜಿಲ್ಲೆಯಲ್ಲಿ ಇಂದಿಗೂ ನಿಂತಿಲ್ಲ. ಪಕ್ಕದ ಜಿಲ್ಲೆಯ ಪೈಠಣದ ಹೆಸರು ಹೊತ್ತ ಪೈಠಣಿ ಸೀರೆಯನ್ನು ಈಗ ಹೆಚ್ಚಾಗಿ ನೇಯುವುದು ನಾಸಿಕ್ ಜಿಲ್ಲೆಯ ಯೇವಲಾದಲ್ಲಿ.

ಈ ಮಾತೆಲ್ಲ ಈಗ ಯಾಕೆಂದರೆ, ನಾಸಿಕ್ ಮತ್ತು ತ್ರ್ಯಂಬಕೇಶ್ವರಗಳಲ್ಲಿ 2027ರಲ್ಲಿ ಸಿಂಹಸ್ಥ ಕುಂಭಮೇಳವಿದೆ. ಮೇಳ ಬಂದರೆ ಗೋಡೆಗಳಿಗೆ ಬಣ್ಣವೂ ಬರುತ್ತದೆ. 2019ರ ಕುಂಭಕ್ಕೆ ಪ್ರಯಾಗರಾಜದ ಸೇತುವೆ, ಕಚೇರಿ, ಬೀದಿಗೋಡೆಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದನ್ನು ದೇಶವೇ ನೋಡಿತು. ಗೋದಾವರಿ ದಂಡೆಯಲ್ಲೂ ಹಾಗೇ ಆಗುವುದಾದರೆ, ಕುಂಚ ಹಿಡಿಯುವವರು ಯಾರು, ಅವರ ಹೆಸರು ಎಲ್ಲಿ ಎಂದು ಮೊದಲೇ ಕೇಳಬೇಕು. ಧಂಭಿಕದ ಹಳ್ಳಿಗರ ನಾಡಿನಲ್ಲಿ ಅದು ದೊಡ್ಡ ಬೇಡಿಕೆಯೇನಲ್ಲ.

ನಾಸಿಕದಿಂದ ಪೂರ್ವಕ್ಕೆ, 2023ರವರೆಗೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರಕ್ಕೆ ಹೋದರೆ ಕನ್ನಡಿಗರು ಹೆಮ್ಮೆಪಡಬೇಕಾದ ತಾಣ ಎದುರಾಗುತ್ತದೆ. ಊರಿನಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರಾದಲ್ಲಿ ಇಡೀ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸನಾಥನ ಗುಡಿಯನ್ನು ಬಿಡಿಸಿ ನಿಲ್ಲಿಸಿದ್ದಾರೆ. ಮಾಡಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಎಂಟನೆಯ ಶತಮಾನದ ಮಾತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ನೋಡಿ ಬಂದವರಿಗೆ ಇಲ್ಲಿನ ವಿಮಾನ, ನಂದಿ ಮಂಟಪಗಳ ವಿನ್ಯಾಸ ಪರಿಚಿತವೆನಿಸುತ್ತದೆ. ವಿದ್ವಾಂಸರು ಎರಡರ ನಡುವಿನ ನಂಟನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಿಂದೆ ಜನ ಕೈಲಾಸವನ್ನು ರಂಗಮಹಲ್ ಎಂದೂ ಕರೆಯುತ್ತಿದ್ದರು. ಕಲ್ಲಿನ ಮೇಲೆ ಗಾರೆ ಬಳಿದು ಬಣ್ಣ ಹಚ್ಚಿದ್ದ ಗುಡಿ ಅದು, ಬಣ್ಣದ ತುಣುಕುಗಳು ಅಲ್ಲಲ್ಲಿ ಈಗಲೂ ಉಳಿದಿವೆ. ಒಂಬತ್ತನೆಯ ಶತಮಾನದ ಮೊದಲ ಭಾಗದ ಬರೋಡಾ ತಾಮ್ರಪಟವೊಂದು, ಇದನ್ನು ಕಟ್ಟಿದ ಶಿಲ್ಪಿಯೇ ತಾನು ಹೇಗೆ ಮಾಡಿದೆನೆಂದು ಬೆರಗಾದನೆಂದು ಹೇಳುತ್ತದೆ. ಆದರೆ ಆ ಶಿಲ್ಪಿಯ ಹೆಸರನ್ನು ಅದು ಹೇಳುವುದಿಲ್ಲ. ಪಟ್ಟದಕಲ್ಲಿನಲ್ಲಿ ಹಾಗಲ್ಲ. ವಿರೂಪಾಕ್ಷವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು, ಅರಸು ಕೊಟ್ಟ ಬಿರುದು ಸಮೇತ, ಕಲ್ಲಿನಲ್ಲಿದೆ. ಕೈಲಾಸದೆದುರು ನಿಂತಾಗ ಈ ಕೊರತೆ ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಸಂಭಾಜಿನಗರದೊಳಗಿನ ಬೀಬಿ ಕಾ ಮಕ್ಬರಾವನ್ನು ತಾಜಮಹಲಿನ ಬಡ ನಕಲು ಎಂದು ತಳ್ಳಿಹಾಕುವುದು ರೂಢಿ. ಅದರ ಬಾಗಿಲನ್ನು ಹತ್ತಿರದಿಂದ ನೋಡಿದವರು ಹಾಗೆನ್ನಲಾರರು. ವಾಸ್ತುಶಿಲ್ಪಿ ಅತಾಉಲ್ಲಾ, ಎಂಜಿನಿಯರ್ ಹಂಸಪತ್ ರಾಯ್, ಇಬ್ಬರ ಹೆಸರೂ ಮುಖ್ಯದ್ವಾರದ ಬರಹದಲ್ಲಿ ಉಳಿದಿವೆ.

ಇನ್ನು ಅಜಂತಾ. ಸಂಭಾಜಿನಗರದಿಂದ ಸುಮಾರು 100 ಕಿಲೋಮೀಟರ್. ವಾಘೋರಾ ಹೊಳೆ ಬಳುಕುವಲ್ಲಿ ಬಂಡೆಯ ಉದ್ದಕ್ಕೂ ಗುಹೆಗಳು. ಒಂದನೆಯ ಗುಹೆಯ ಪದ್ಮಪಾಣಿಯೆದುರು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು. ಆಮೇಲೆ ಹುಬ್ಬಿನ ಗೆರೆ, ಬೆರಳ ನಡುವಿನ ನೀಲಿ ಹೂವು, ಕಿರೀಟದ ಕುಸುರಿ ಒಂದೊಂದೇ ಕಾಣಿಸುತ್ತವೆ. ಮಣ್ಣಿನ ಗಾರೆಗೆ ಹೊಟ್ಟು, ನಾರು ಬೆರೆಸಿ ಮೆತ್ತಿ, ಮೇಲೆ ತೆಳುವಾಗಿ ಸುಣ್ಣ ಬಳಿದು, ಅದು ಒಣಗಿದ ಮೇಲೆ ಬಣ್ಣ ಹಚ್ಚಿದ್ದಾರೆ. ಕೆಂಪು, ಹಳದಿ, ಹಸಿರು ಮಣ್ಣು ಕಲ್ಲುಗಳಿಂದ. ಕಪ್ಪು ದೀಪದ ಮಸಿಯಿಂದ. ನೀಲಿ ಮಾತ್ರ ದೂರದ ಅಫ್ಘಾನಿಸ್ತಾನದ ಲಾಜವರ್ದ ಕಲ್ಲಿನಿಂದ. ಎಲ್ಲೋರಾದ ಗಾರೆಯಲ್ಲಿ ಭಂಗಿ ಗಿಡದ ನಾರಿದೆ, ಅಜಂತಾದ ಗಾರೆಯಲ್ಲಿಲ್ಲ, ಹುಳುಗಳ ಕಾಟ ಅಜಂತಾದಲ್ಲಿ ಹೆಚ್ಚಿರಲು ಇದೂ ಕಾರಣ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಈ ಚಿತ್ರಗಳ ನಕಲು ತೆಗೆದವರ ಕಥೆ ಕೇಳಿದರೆ ಸಂಕಟವಾಗುತ್ತದೆ. ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿ 1840ರ ದಶಕದಿಂದ ವರ್ಷಗಟ್ಟಲೆ ಇಲ್ಲೇ ಬೀಡುಬಿಟ್ಟು ದೊಡ್ಡ ದೊಡ್ಡ ತೈಲಚಿತ್ರಗಳಲ್ಲಿ ಪ್ರತಿ ಮಾಡಿದ; 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಬಿದ್ದ ಬೆಂಕಿಯಲ್ಲಿ ಅವುಗಳಲ್ಲಿ ಬಹುಪಾಲು ಬೂದಿಯಾದವು. ಜಾನ್ ಗ್ರಿಫಿತ್ಸ್ 1872ರಿಂದ ಮುಂಬೈ ಕಲಾಶಾಲೆಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದ; ಪೆಸ್ತನ್‌ಜಿ ಬೊಮನ್‌ಜಿಯಂಥ ಒಳ್ಳೆಯ ಕಲಾವಿದರು ಆ ತಂಡದಲ್ಲಿದ್ದರು. ಅವರ ದುಡಿಮೆಯಲ್ಲೂ ಬಹಳಷ್ಟು 1885ರ ಲಂಡನ್ ಬೆಂಕಿಗೆ ಹೋಯಿತು. ಆಮೇಲೆ 1909ರಿಂದ 1911ರ ನಡುವೆ ಲೇಡಿ ಹೆರಿಂಗ್‌ಹ್ಯಾಮ್ ಇದೇ ಕೆಲಸಕ್ಕೆ ಬಂದಾಗ, ಅವನೀಂದ್ರನಾಥ ಠಾಕೂರರು ಕಲ್ಕತ್ತೆಯಿಂದ ಕಳಿಸಿದ ಶಿಷ್ಯರಲ್ಲಿ ನಂದಲಾಲ್ ಬೋಸ್, ಅಸಿತ್ ಹಲ್ದಾರ್ ಅವರ ಜೊತೆಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಈ ಯುವಕ ಆ ಅರೆಗತ್ತಲಿನಲ್ಲಿ ಕೂತು ಸಾವಿರ ವರ್ಷಕ್ಕೂ ಹಳೆಯ ಗೆರೆಗಳನ್ನು ತಿದ್ದಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾಗ್ಯಾಲರಿಗೆ ಹೋಗುವವರು ಇದನ್ನು ನೆನಪಿಟ್ಟುಕೊಂಡು ಅವರ ಚಿತ್ರಗಳ ಗೆರೆಯನ್ನು ನೋಡಲಿ.

ಮೂಲ ಚಿತ್ರ ಬರೆದವರ ಹೆಸರು ಸಿಗಲಿಲ್ಲ, ಪ್ರತಿ ಮಾಡಿದವರ ಕೆಲಸ ಬಹಳಷ್ಟು ಸುಟ್ಟುಹೋಯಿತು. ಗೋಡೆ ಮಾತ್ರ ನಿಂತಿದೆ. ಕಲೆಯನ್ನು ಅದು ಹುಟ್ಟಿದ ಜಾಗದಲ್ಲೇ ಹೋಗಿ ನೋಡಿ ಎಂದು ನಾನು ಹಟ ಮಾಡುವುದು ಅದಕ್ಕೇ.

ಗೋಡೆಯೇ ಬೇಡದ ಕಲೆಯೂ ನಾಸಿಕದಲ್ಲಿದೆ. ಹಳೆಯ ಪೇಟೆಯ ಕೆಲವು ಗಲ್ಲಿಗಳಲ್ಲಿ ಪೇಶ್ವೆಯರ ಕಾಲದ್ದೆನ್ನುವ ರಹಾಡ್‌ಗಳು, ಅಂದರೆ ಬಣ್ಣದ ಹೊಂಡಗಳು, ನೆಲದಡಿ ಮುಚ್ಚಿಕೊಂಡಿವೆ. ವರ್ಷವಿಡೀ ಅವುಗಳ ಮೇಲೆ ಜನ, ಗಾಡಿ ಓಡಾಡುತ್ತಿರುತ್ತವೆ. ರಂಗಪಂಚಮಿ ಬಂತೆಂದರೆ ಮಣ್ಣು ತೆಗೆದು, ಹೂವು ಕುದಿಸಿದ ಬಣ್ಣದ ನೀರು ತುಂಬಿ, ಪೂಜೆ ಮಾಡಿ, ಧುಮುಕಿಬಿಡುತ್ತಾರೆ. ಒಂದೊಂದು ರಹಾಡಿಗೆ ಒಂದೊಂದು ಬಣ್ಣ. ಹಬ್ಬ ಮುಗಿದ ಮೇಲೆ ಮತ್ತೆ ಹಲಗೆ, ಮಣ್ಣು. ಇಡೀ ಗಲ್ಲಿಯೇ ಮುಂದೆ ನಿಂತು ನಡೆಸುವ ಕೆಲಸವಿದು.

ಸಿಂಹಸ್ಥಕ್ಕೆ ಗೋಡೆ ಬರೆಸುವವರು ಈ ಪರಂಪರೆಯಿಂದಲೇ ಕಲಿಯಲಿ. ನಾಸಿಕದ ಆಸುಪಾಸಿನ ಬುಡಕಟ್ಟು ಹಳ್ಳಿಗಳಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ವಾರ್ಲಿ ಕೈಗಳಿವೆ. ನಾಸಿಕ್, ಸಂಭಾಜಿನಗರ ಎರಡೂ ಊರುಗಳಲ್ಲಿ ಚಿತ್ರಕಲಾ ಕಾಲೇಜುಗಳಿವೆ. ಕಂಪ್ಯೂಟರಿನಲ್ಲಿ ಮಾಡಿದ ವಿನ್ಯಾಸವನ್ನು ಗುತ್ತಿಗೆದಾರನಿಗೆ ಒಪ್ಪಿಸುವ ಬದಲು ಈ ಕೈಗಳಿಗೆ ಗೋಡೆ ಕೊಡಲಿ, ಸರಿಯಾದ ಕೂಲಿ ಕೊಡಲಿ, ಪ್ರತಿ ಚಿತ್ರದ ಮೂಲೆಯಲ್ಲಿ ಬರೆದವರ ಹೆಸರನ್ನು ದೇವನಾಗರಿಯಲ್ಲಿ ದೊಡ್ಡದಾಗಿ ಬರೆಸಲಿ. ಅಲ್ಲಿಗೆ ಹೋದರೆ ನೀವೂ ಆ ಹೆಸರನ್ನು ಹುಡುಕಿ, ಕಾಣದಿದ್ದರೆ ಅಲ್ಲಿದ್ದವರನ್ನು ಕೇಳಿ. ಹೊರಡುವ ಮುನ್ನ ನೆನಪಿರಲಿ: ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ.