ವಿಳಾಸ ತಿದ್ದುವ ಕೆಲಸ

‘3ನೇ ಕ್ರಾಸ್, 7ನೇ ಮೇನ್, ಬಿಎಸ್‌ಕೆ 2ನೇ ಸ್ಟೇಜ್, ಮಾರಮ್ಮನ ಗುಡಿ ಹಿಂದೆ.’ ಆ ಬೀಟಿನ ಅಂಚೆಯಣ್ಣನಿಗೆ ಇಷ್ಟಿದ್ದರೆ ಸಾಕು, ಕಾಗದ ಮನೆ ಸೇರುತ್ತದೆ. ಅದೇ ವಿಳಾಸ ಬ್ಯಾಂಕಿನ ಅಥವಾ ಕೊರಿಯರ್ ಕಂಪನಿಯ ಕಂಪ್ಯೂಟರಿಗೆ ಹೋದರೆ ಬಿಎಸ್‌ಕೆ ಎಂದರೆ ಬನಶಂಕರಿ ಎಂದು ಅದಕ್ಕೆ ಮೊದಲೇ ಯಾರಾದರೂ ಹೇಳಿಕೊಟ್ಟಿರಬೇಕು. ಹೀಗೆ ಹೇಳಿಕೊಡುವುದೇ ಇಂದು ದೊಡ್ಡದೊಂದು ಕಸುಬಾಗಿದೆ.

ಗಿರಾಕಿ ಒಂದೇ ಉಸಿರಿನಲ್ಲಿ ಬರೆದದ್ದನ್ನು ಮನೆ, ರಸ್ತೆ, ಬಡಾವಣೆ, ಊರು, ಪಿನ್ ಎಂದು ಬಿಡಿಸುವುದು ಮೊದಲ ಹೆಜ್ಜೆ. ಆಮೇಲೆ ಕಾಗುಣಿತ, ಹೆಸರುಗಳ ಸರದಿ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆಯ ಹೆಸರಿನಲ್ಲಿ ಬರೆಯುವವರು ಈಗಲೂ ಇದ್ದಾರೆ. ಎರಡೂ ಒಂದೇ ಊರು ಎಂಬ ಪಟ್ಟಿ ಕಂಪನಿಯ ಬಳಿ ಇರದಿದ್ದರೆ ಒಬ್ಬನೇ ಗಿರಾಕಿ ಇಬ್ಬರಾಗುತ್ತಾನೆ.

ಇಲ್ಲಿ ಕೈಹಿಡಿಯುವುದು ಪಿನ್‌ಕೋಡ್. ಒಂದೇ ಹೆಸರಿನ ಹಲವು ಊರು, ಹತ್ತಾರು ಲಿಪಿ, ಮನಸ್ಸಿಗೆ ಬಂದ ಕಾಗುಣಿತ ಇವುಗಳ ನಡುವೆ ಪತ್ರ ವಿಂಗಡಿಸುವುದು ಕಷ್ಟವಾಗಿದ್ದಾಗ ಕೇಂದ್ರ ಸಂಪರ್ಕ ಸಚಿವಾಲಯದ ಹೆಚ್ಚುವರಿ ಕಾರ್ಯದರ್ಶಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪದ್ಧತಿ ಇದು. ಅವರು ಸಂಸ್ಕೃತ ಕವಿಯೂ ಹೌದು. 1972ರ ಆಗಸ್ಟ್ 15ರಂದು ಇದು ಜಾರಿಗೆ ಬಂತು. ಮೊದಲ ಅಂಕಿ ವಲಯದ್ದು, ಮೊದಲ ಮೂರು ಸೇರಿ ವಿಂಗಡಣಾ ಜಿಲ್ಲೆ, ಕೊನೆಯ ಮೂರು ಬಟವಾಡೆ ಅಂಚೆ ಕಚೇರಿ. ಕರ್ನಾಟಕದ ಪಿನ್‌ಗಳು 56ರಿಂದ 59ರೊಳಗೆ ಶುರುವಾಗುತ್ತವೆ. ಊರು ಧಾರವಾಡ, ಪಿನ್ 570001 ಎಂದಿದ್ದರೆ ತಪಾಸಣೆ ಅಲ್ಲೇ ನಿಲ್ಲುತ್ತದೆ; ಅದು ಮೈಸೂರಿನದು, ಧಾರವಾಡದ್ದು 580001. ಒಂದೇ ಅಂಕಿಯ ವ್ಯತ್ಯಾಸ, ಪಾರ್ಸೆಲ್ ಮಾತ್ರ ರಾಜ್ಯದ ಇನ್ನೊಂದು ಮೂಲೆಗೆ!

ಚೊಕ್ಕಟವಾಗಿ ಬರೆದ ವಿಳಾಸದಲ್ಲಿ ನಿಜಕ್ಕೂ ಮನೆ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಬ್ರಿಟನ್ನಿನ ರಾಯಲ್ ಮೇಲ್ ಬಳಿ 3 ಕೋಟಿಗೂ ಹೆಚ್ಚು ವಿಳಾಸಗಳ ಕಡತವಿದೆ, ಕಂಪನಿಗಳು ಅದರೊಂದಿಗೆ ತಾಳೆ ನೋಡುತ್ತವೆ. ಅಮೆರಿಕದಲ್ಲಿ ಅಂಚೆ ಇಲಾಖೆ ಪ್ರಮಾಣೀಕರಿಸಿದ ತಂತ್ರಾಂಶದಲ್ಲಿ ವಿಳಾಸ ಶುದ್ಧಿ ಮಾಡಿಸಿದರೆ ಸಗಟು ಅಂಚೆಗೆ ದರದಲ್ಲಿ ರಿಯಾಯಿತಿಯೇ ಸಿಗುತ್ತದೆ. ನಮ್ಮಲ್ಲಿ ಪಿನ್‌ಕೋಡ್ ಪಟ್ಟಿ ಎಲ್ಲರಿಗೂ ಮುಕ್ತವಾಗಿದೆ, ಆದರೆ ಮನೆಮನೆಯ ಅಂಥ ಕಡತವಿಲ್ಲ. ಹಾಗಾಗಿ ಖಾತ್ರಿ ನಡೆಯುವುದು ಕಾಲ್ನಡಿಗೆಯಲ್ಲೇ: ಸಾಲ ಕೊಡುವ ಮುನ್ನ ಬ್ಯಾಂಕಿನ ಕಡೆಯವರು ಬಾಗಿಲು ತಟ್ಟುತ್ತಾರೆ, ಡೆಲಿವರಿ ಹುಡುಗ ಪೊಟ್ಟಣ ಕೊಟ್ಟ ಜಾಗವನ್ನು ಅವನ ಫೋನಿನ ಜಿಪಿಎಸ್ ದಾಖಲಿಸುತ್ತದೆ, ಮುಂದಿನ ಸಲ ಅದೇ ದಾರಿ ತೋರುತ್ತದೆ.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿದೆ. ಹೈದರಾಬಾದಿನ ಐಐಟಿ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇದರಲ್ಲಿ ಕೈಜೋಡಿಸಿವೆ. ದೇಶವನ್ನು ಸುಮಾರು 4 ಮೀಟರ್ ಚದರದ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ 10 ಅಕ್ಷರ–ಅಂಕಿಗಳ ಸಂಕೇತ. ರಸ್ತೆಗೆ ಹೆಸರೇ ಇರದ ತೋಟದ ಮನೆಗೆ ಇದು ವರದಾನ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಸಂಕೇತ. ಮನೆ ನಂಬರು ಬೇಕೇ ಬೇಕು.

ಕಂಪನಿಗಳಿಗೆ ಒಂದು ಮಾತು: ಫಾರಂನಲ್ಲಿ ಜಾಗ ಸಾಲದೆಂದು ‘ಗುಡಿ ಹಿಂದೆ’ ಎಂಬುದನ್ನು ಕತ್ತರಿಸಬೇಡಿ, ಕೊನೇ ತಿರುವಿನಲ್ಲಿ ನಿಂತ ಹುಡುಗನಿಗೆ ದಾರಿ ತೋರುವುದು ಅದೇ. ಓದುಗರು ವಿಳಾಸದಲ್ಲಿ ಮನೆ ನಂಬರು, ಗುರುತು, ಆರಂಕಿಯ ಪಿನ್ ಮೂರನ್ನೂ ತಪ್ಪದೆ ಬರೆಯಿರಿ.