ಹೆಬ್ಬೆರಳಿನ ಮೇಲೆ ನಿಂತ ಭಾರ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1924ರಲ್ಲಿ ಕೊಂಡ ಹಾಳೆಯೊಂದಿದೆ. ಗಾತ್ರದಲ್ಲಿ ಹೆಚ್ಚುಕಡಿಮೆ ಇಂದಿನ ಎ4 ಕಾಗದದಷ್ಟು. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ಕಡ್ಡಿಯಿಂದ ಬರೆದ ಬರಿಮೈ ಬೆನ್ನು, ಎತ್ತಿ ಚಾಚಿದ ತೋಳುಗಳು, ಭುಜದ ಮೇಲಿನಿಂದ ಹೊರಳಿದ ಮುಖ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಚಾವಣಿಯಲ್ಲಿರುವ ಲಿಬಿಯದ ಸಿಬಿಲ್ ಚಿತ್ರಕ್ಕಾಗಿ 1510-11ರ ಸುಮಾರಿಗೆ ಮೈಕೆಲೇಂಜೆಲೊ ಮಾಡಿಕೊಂಡ ತಯಾರಿ ಇದು.

ಸಿಬಿಲ್‌ಗಳೆಂದರೆ ಪ್ರಾಚೀನ ಗ್ರೀಕ್, ರೋಮನ್ ಲೋಕದಲ್ಲಿ ಕಾರಣಿಕ ನುಡಿಯುತ್ತಿದ್ದ ಹೆಂಗಸರು. ಕ್ರಿಸ್ತನ ಬರವನ್ನು ಮೊದಲೇ ಸೂಚಿಸಿದವರೆಂಬ ನಂಬಿಕೆಯಿಂದ ಚಾವಣಿಯಲ್ಲಿ ಏಳು ಪ್ರವಾದಿಗಳ ಜೊತೆ ಇಂಥ ಐವರಿಗೂ ಜಾಗ ಸಿಕ್ಕಿದೆ. ಲಿಬಿಯದವಳು ನಮಗೆ ಬೆನ್ನು ಮಾಡಿ, ದೊಡ್ಡದೊಂದು ಗ್ರಂಥವನ್ನು ಎರಡೂ ಕೈಯಲ್ಲಿ ಹಿಡಿದು ಇತ್ತ ತಿರುಗುತ್ತಿದ್ದಾಳೆ. ಆದರೆ ರೇಖಾಚಿತ್ರಕ್ಕೆ ನಿಂತ ಮಾದರಿ ಗಂಡಸು. ಆ ಕಾಲದ ಕಲಾವಿದರ ಕಾರ್ಯಾಗಾರಗಳಲ್ಲಿ ಅದೇ ರೂಢಿ.

ನನ್ನ ಕಣ್ಣು ಹೋಗಿ ನಿಲ್ಲುವುದು ಹಾಳೆಯ ಕೆಳಭಾಗದಲ್ಲಿ. ಅಲ್ಲಿ ಎಡಗಾಲಿನ ಹೆಬ್ಬೆರಳು ಮತ್ತೆ ಮತ್ತೆ ಬಂದಿದೆ. ಸೊಂಟದಿಂದ ತಿರುಚಿಕೊಂಡ ಅಷ್ಟು ದೊಡ್ಡ ದೇಹದ ಭಾರ ಬಂದು ಕೂರುವುದು ಆ ಬೆರಳಿನ ಮೇಲೆ. ಅದು ನೆಲವನ್ನು ಒತ್ತುವ ಬಗೆ ತಪ್ಪಿದರೆ ಇಡೀ ಆಕೃತಿ ತೇಲಿಬಿಡುತ್ತದೆ. ಪಕ್ಕದಲ್ಲೇ ಮುಖ ಇನ್ನೊಮ್ಮೆ ಬಂದಿದೆ. ಬೆನ್ನಿನ ಒಂದೊಂದು ಸ್ನಾಯುವನ್ನೂ ನೆರಳುಗೆರೆಗಳಲ್ಲಿ ಉಬ್ಬಿಸಿದ ಕೈ, ಬೆರಳಿನ ವಿಷಯದಲ್ಲಿ ತೃಪ್ತಿಯಾಗುವವರೆಗೆ ಬಿಟ್ಟಿಲ್ಲ.

ಇಷ್ಟು ಹಟಕ್ಕೆ ಕಾರಣ ಹಸಿ ಗಾರೆ. ಚಾವಣಿಯ ಚಿತ್ರ ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದದ್ದು. ಅದರಲ್ಲಿ ಆ ದಿನ ಬಳಿದ ಗಾರೆ ಒಣಗುವುದರೊಳಗೆ ಬಣ್ಣ ಮುಗಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಹೊಸದಾಗಿ ಬಳಿಯಬೇಕು. ಸುಮಾರು 20 ಮೀಟರ್ ಎತ್ತರದ ಅಟ್ಟಣಿಗೆಯ ಮೇಲೆ ಅನುಮಾನಕ್ಕೆ ಸಮಯವಿಲ್ಲ. ಹಾಗಾಗಿ ಅನುಮಾನವೆಲ್ಲ ಕಾಗದದ ಮೇಲೆ ತೀರಬೇಕಿತ್ತು. ಆಮೇಲೆ ಚಾವಣಿಯ ಚಿತ್ರದ ಅಳತೆಗೇ ದೊಡ್ಡ ಕರಡು ಬರೆದು, ಗೆರೆಗುಂಟ ತೂತು ಚುಚ್ಚಿ ಇದ್ದಿಲ ಪುಡಿ ತಟ್ಟಿಯೋ, ಮೊನೆಯಿಂದ ಒತ್ತಿ ಗೀರಿಯೋ ಗಾರೆಗೆ ಇಳಿಸುತ್ತಿದ್ದರು.

ಸಾಯುವ ಮುನ್ನ ಮೈಕೆಲೇಂಜೆಲೊ ತನ್ನ ಎಷ್ಟೋ ರೇಖಾಚಿತ್ರಗಳನ್ನು ಸುಟ್ಟುಹಾಕಿದನೆಂದು, ಅವನನ್ನು ಹತ್ತಿರದಿಂದ ಬಲ್ಲ ಜೀವನಚರಿತ್ರಕಾರ ವಸಾರಿ ಬರೆದಿದ್ದಾನೆ. ತನ್ನ ಪರಿಶ್ರಮ ಯಾರಿಗೂ ಕಾಣಬಾರದೆಂಬುದು ಅವನ ಇಚ್ಛೆಯಾಗಿತ್ತಂತೆ. ಆ ಪರಿಶ್ರಮ ಕಾಣುವುದರಿಂದಲೇ ಈ ಹಾಳೆ ನನಗೆ ಚಾವಣಿಯಷ್ಟೇ ದೊಡ್ಡದು.

ಬೆಳಕಿಗೆ ಕಾಗದ ಹಾಳಾಗುವುದರಿಂದ ಇದನ್ನು ಸದಾ ಪ್ರದರ್ಶನಕ್ಕಿಡುವುದಿಲ್ಲ. ಮ್ಯೂಸಿಯಂನ ಜಾಲತಾಣದಲ್ಲಿ ಇದರ ದೊಡ್ಡ ಚಿತ್ರ ಉಚಿತವಾಗಿ ಸಿಗುತ್ತದೆ. ಚಿತ್ರ ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ದಯವಿಟ್ಟು ತೆರೆದು ತೋರಿಸಿ.